ಪೈಲಟ್‌ನ ಉಡುಪಿಗೂ ಒಂದು ತಾರೀಖು ಬೇಕು

ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ಯುದ್ಧವಿಮಾನದ ಪೈಲಟ್ ನಿಂತಿದ್ದಾನೆ, ಉಡುಪು ತೊಡಿಸಿದ ಗೊಂಬೆಯಾಗಿ. ಚರ್ಮದ ಹೆಲ್ಮೆಟ್, ಆಕ್ಸಿಜನ್ ಮಾಸ್ಕ್, ಕುರಿಚರ್ಮದ ಜಾಕೆಟ್, ಪ್ಯಾರಾಶೂಟ್, ಬೂಟು ಎಲ್ಲವೂ ಇವೆ, ಎಲ್ಲವೂ ಅಸಲಿ. ಆದರೂ ಬಲ್ಲವರು ಒಮ್ಮೆ ನೋಡಿ ನಕ್ಕು ಮುಂದೆ ಹೋಗುತ್ತಾರೆ. ಹೆಲ್ಮೆಟ್ ಒಂದು ವರ್ಷದ್ದು, ಮಾಸ್ಕ್ ಅದರ ಮರುವರ್ಷದ್ದು, ಬೂಟು ಇನ್ನೂ ಆಮೇಲಿನದು. ಇವೆಲ್ಲ ಒಂದೇ ದಿನ ಒಬ್ಬನ ಮೈಮೇಲೆ ಇದ್ದಿರಲು ಸಾಧ್ಯವಿಲ್ಲ.

ಆದ್ದರಿಂದ ಇಂಥ ಗೊಂಬೆಗೆ ತೊಡಿಸುವ ವಸ್ತು ಹುಡುಕುವ ಮೊದಲು ಅದರ ತಾರೀಖು ಗೊತ್ತುಮಾಡಿ. ಯಾವ ವಾಯುಪಡೆ, ಯಾವ ವಿಮಾನ, ಯಾವ ತಿಂಗಳು, ಆತ ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದ ಎಂಬುದನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಈ ಹಾಳೆಗೆ ಹೊಂದದ ವಸ್ತು ಎಷ್ಟೇ ಅಪರೂಪದ್ದಾದರೂ ಬೇರೆ ಪೆಟ್ಟಿಗೆಗೆ ಹೋಗಲಿ.

1940ರ ಬೇಸಿಗೆಯಲ್ಲಿ ಬ್ರಿಟನ್ ಮೇಲೆ ನಡೆದ ವಾಯುಸಮರದಲ್ಲಿ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನದ ಪೈಲಟ್‌ನನ್ನೇ ತೆಗೆದುಕೊಳ್ಳೋಣ. ಆಗ ಇದ್ದದ್ದು ‘ಟೈಪ್ ಬಿ’ ಚರ್ಮದ ಹೆಲ್ಮೆಟ್, ಬಟ್ಟೆಯ ‘ಟೈಪ್ ಡಿ’ ಮಾಸ್ಕ್. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ‘ಟೈಪ್ ಸಿ’ ಹೆಲ್ಮೆಟ್ ಬಂದದ್ದು 1941ರಲ್ಲಿ, ರಬ್ಬರಿನ ‘ಟೈಪ್ ಜಿ’ ಮಾಸ್ಕ್ ಅದಕ್ಕೂ ಈಚೆಗೆ. ಮೇಲ್ಭಾಗವನ್ನು ಕತ್ತರಿಸಿದರೆ ಸಾದಾ ಷೂ ಆಗಿಬಿಡುವ, ಶತ್ರುನೆಲದಲ್ಲಿ ಇಳಿದವನು ತಪ್ಪಿಸಿಕೊಳ್ಳಲೆಂದೇ ಮಾಡಿದ ಬೂಟು 1943ರ ಮಾದರಿ. ನೋಡುಗರಿಗೆ ಕಥೆ ಹೇಳಲು ಅದು ಸೊಗಸು, ಆದರೆ ಈ ಪೈಲಟ್‌ನ ಕಾಲಿಗೆ ಸಲ್ಲ. ‘ಮೇ ವೆಸ್ಟ್’ ಎಂಬ ಅಡ್ಡಹೆಸರಿನ ಜೀವರಕ್ಷಕ ಜಾಕೆಟ್ 1932ರ ಮಾದರಿಯದು, ಖಾಕಿ ಬಣ್ಣದ್ದು. ಕಡಲಿಗೆ ಬಿದ್ದರೆ ಹುಡುಕುವವರ ಕಣ್ಣಿಗೆ ಬೀಳಲಿ ಎಂದು ಅನೇಕರು ಅದಕ್ಕೆ ತಾವೇ ಹಳದಿ ಬಳಿದುಕೊಳ್ಳುತ್ತಿದ್ದರು.

ಮುಂದಿನ ಹಂತ ಹಳೆಯ ಫೋಟೊಗಳು. ನಿಯಮಪುಸ್ತಕ ಹೇಗೆ ಧರಿಸಬೇಕಿತ್ತು ಎನ್ನುತ್ತದೆ, ಫೋಟೊ ಹೇಗೆ ಧರಿಸಿದ್ದರು ಎಂದು ತೋರಿಸುತ್ತದೆ. ಸಮವಸ್ತ್ರದ ಮೇಲಿನ ಗುಂಡಿ ಬಿಚ್ಚಿಕೊಳ್ಳುವುದು ಆ ಫೈಟರ್ ಪೈಲಟ್‌ಗಳ ಠೀವಿ. ರೇಷ್ಮೆ ಸ್ಕಾರ್ಫ್ ಮಾತ್ರ ಬರೀ ಷೋಕಿಯಲ್ಲ: ಶತ್ರುವಿಗಾಗಿ ಸದಾ ಹಿಂದೆ ತಿರುಗಿ ನೋಡುವವನ ಕತ್ತು ಒರಟು ಕಾಲರಿಗೆ ಉಜ್ಜಿ ಕೆಂಪಾಗುತ್ತಿತ್ತು. ಪ್ಯಾರಾಶೂಟ್ ಆಸನದ ಮೇಲೆ ಕೂರುವ ಬಗೆಯದು. ಹಾಗಾಗಿ ನಿಂತವನಲ್ಲಿ ಅದು ತೊಡೆಯ ಹಿಂದೆ ತೂಗಬೇಕೇ ಹೊರತು ಬೆನ್ನಿನ ಮೇಲಲ್ಲ. ಕರೆ ಬರುವುದನ್ನು ಕಾಯುತ್ತ ಕೂತವನಿಗಂತೂ ಅದು ಬೇಡವೇ ಬೇಡ. ಎಷ್ಟೋ ಸಲ ವಿಮಾನದ ರೆಕ್ಕೆಯ ಮೇಲೆಯೇ ಇಟ್ಟಿರುತ್ತಿದ್ದರು. ಸಂಗ್ರಹದಲ್ಲಿ ಇದೆಯೆಂದು ಎಲ್ಲವನ್ನೂ ಹೇರಿ ಗೊಂಬೆಯನ್ನು ಕೋಲೆ ಬಸವ ಮಾಡುವುದು ನನ್ನ ಮಟ್ಟಿಗೆ ಕಾಲದ ತಪ್ಪಿಗಿಂತಲೂ ದೊಡ್ಡ ತಪ್ಪು.

ನಂತರ ಭೂತಗನ್ನಡಿ ಹಿಡಿಯಿರಿ. ಜಿಪ್‌ನ ಮೇಲಿನ ಗುರುತು, ಒಳಚೀಟಿಯ ಗುತ್ತಿಗೆ ಸಂಖ್ಯೆ, ಹೊಲಿಗೆಯ ನೂಲು, ಎಲ್ಲವನ್ನೂ ನೋಡಿ. ವೆಲ್ಕ್ರೋಗೆ ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. ಎರಡನೇ ಮಹಾಯುದ್ಧದ ಉಡುಪಿನಲ್ಲಿ ಅದು ಕಂಡರೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದಾಗ ಹೊಸ ನೂಲು ಹೆಚ್ಚಾಗಿ ನೀಲಿಯಾಗಿ ಹೊಳೆಯುತ್ತದೆ. ಆದರೆ ಈಚಿನ ಸೋಪಿನ ಪುಡಿಯಲ್ಲಿ ಒಗೆದ ಅಸಲಿ ಬಟ್ಟೆಯೂ ಹೊಳೆದೀತು, ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ.

ಜೆಟ್ ಯುಗದ ಪೈಲಟ್ ಆದರೆ ಕೊಳವೆಗಳೇ ತಲೆನೋವು. ಹೊಟ್ಟೆ, ತೊಡೆ, ಮೀನಖಂಡಗಳನ್ನು ಗಾಳಿಚೀಲಗಳಿಂದ ಒತ್ತಿ, ರಕ್ತ ಕಾಲಿಗಿಳಿಯದಂತೆ ತಡೆಯುವ ಜಿ-ಸೂಟ್ ಮೈಗೆ ಬಿಗಿಯಾಗಿರಬೇಕು. ಜೋಲುವ ಜಿ-ಸೂಟ್ ನಿಜವಾದ ಹಾರಾಟದಲ್ಲಿ ಕೆಲಸಕ್ಕೆ ಬಾರದು. ಅದರ ಕೊಳವೆ ಯಾವ ಬದಿಯಲ್ಲಿದೆ, ಆಕ್ಸಿಜನ್ ಕೊಳವೆ ಎಲ್ಲಿ ಸಿಕ್ಕಿಸಿದೆ ಎಂಬುದನ್ನು ಆಯಾ ವಿಮಾನದ ಫೋಟೊದಿಂದಲೇ ಖಚಿತಮಾಡಿಕೊಳ್ಳಿ.

ಗೊಂಬೆ ಉಡುಪಿಗಿಂತ ಚಿಕ್ಕದಿರಲಿ. ಬಟ್ಟೆಯಂಗಡಿಯ ಗೊಂಬೆಗೆ ಹಳೆಯ ಚರ್ಮವನ್ನು ಎಳೆದು ತೊಡಿಸಿದರೆ ಹೊಲಿಗೆ ಬಿಚ್ಚಿತು ಎಂದೇ ತಿಳಿಯಿರಿ. ಖಾಲಿ ಜಾಗವನ್ನು ಆಮ್ಲರಹಿತ ಕಾಗದದಿಂದ ತುಂಬಿರಿ. ಗುಂಡುಸೂಜಿ ಚುಚ್ಚಬೇಡಿ. ಹೊಸ ಪ್ರತಿಕೃತಿಯನ್ನು ಮರಳುಕಾಗದದಿಂದ ಉಜ್ಜಿ ಹಳತು ಮಾಡುವವರಿದ್ದಾರೆ; ಎಲ್ಲ ಕಡೆಯೂ ಸಮನಾಗಿ ಸವೆದ ಜಾಕೆಟ್ ಸುಳ್ಳು ಹೇಳುತ್ತದೆ. ನಿಜವಾದ ಸವೆತ ಮೊಣಕೈ, ತೋಳಿನ ಅಂಚು, ಪಟ್ಟಿ ಉಜ್ಜುವ ಭುಜದಲ್ಲಿರುತ್ತದೆ.

ಇನ್ನು ಅಪಾಯದ ಮಾತು. ಹಳೆಯ ಗಡಿಯಾರ, ದಿಕ್ಸೂಚಿಗಳ ಮುಳ್ಳಿಗೆ ಬಳಿದಿರುವುದು ರೇಡಿಯಂ ಇರಬಹುದು. ಹೊಳಪು ಮಾಯವಾದರೂ ವಿಕಿರಣ ಹೋಗಿರುವುದಿಲ್ಲ, ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ವಿಕಿರಣ ಅಳೆಯುವ ಗೈಗರ್ ಕೌಂಟರಿನಿಂದ ಪರೀಕ್ಷಿಸದೆ ತೆರೆಯಬೇಡಿ. ಜೀವರಕ್ಷಕ ಜಾಕೆಟ್‌ನ ಅನಿಲದ ಸಿಲಿಂಡರ್, ಸಂಕೇತದ ಫ್ಲೇರ್‌ಗಳನ್ನು ತಜ್ಞರಿಂದಲೇ ನಿಷ್ಕ್ರಿಯಗೊಳಿಸಿ.

ಬಟ್ಟೆಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಮೀರದಿರಲಿ. ಗಾಜು ಮುಚ್ಚುವ ಮುನ್ನ ಗೊಂಬೆಯ ನಾಲ್ಕೂ ಬದಿಯ ಫೋಟೊ ತೆಗೆದು, ಯಾವುದು ಅಸಲಿ, ಯಾವುದು ಪ್ರತಿಕೃತಿ ಎಂದು ಪಟ್ಟಿ ಮಾಡಿ ಕಡತಕ್ಕೆ ಸೇರಿಸಿ. ಅದೇ ಮಾತು ಹೊರಗಿನ ಫಲಕದಲ್ಲೂ ಇರಲಿ: “ಮಾಸ್ಕ್ ಪ್ರತಿಕೃತಿ, ಉಳಿದವು ಮೂಲವಸ್ತುಗಳು.”