ನೋಂದಣಿಯಿಲ್ಲದ ಕ್ವಾಡ್ ಬೈಕಿಗೆ ಬ್ರಿಟನ್ನಿನಲ್ಲಿ ವಿಮೆ ಮಾಡಿಸಿದ್ದು: ನನ್ನ ಅನುಭವ

ವೇಲ್ಸ್‌ನಲ್ಲಿ ನಾನು ಕೊಂಡ ಕ್ವಾಡ್ ಬೈಕು (ನಾಲ್ಕು ಚಕ್ರಗಳ ಬೈಕು) ಹೊರದೇಶದಿಂದ ಬಂದದ್ದಾಗಿದ್ದು, ಅದಕ್ಕೆ ಮಾದರಿ ಅನುಮೋದನೆಯಾಗಲಿ (ಆ ಮಾದರಿ ರಸ್ತೆಗೆ ಯೋಗ್ಯವೆಂಬ ಒಪ್ಪಿಗೆ) ನೋಂದಣಿ ಸಂಖ್ಯೆಯಾಗಲಿ ಇರಲಿಲ್ಲ. ಸಂಖ್ಯೆಯಿಲ್ಲದೆ ವಿಮೆ ಕೊಡಲಾಗದೆಂದು ಒಂದು ಕಂಪನಿ ಹೇಳಿತು. ನೋಂದಣಿಗೆ ಬೇಕಾದ ಅನುಮೋದನೆ ಪರೀಕ್ಷೆಯ ಕೇಂದ್ರದವರೆಗೂ ವಿಮೆಯಿಲ್ಲದೆ ಅದನ್ನು ರಸ್ತೆಯಲ್ಲಿ ಓಡಿಸುವಂತಿರಲಿಲ್ಲ. ಈ ಗಂಟನ್ನು ಬಿಡಿಸಿದ್ದು ಚಾಸಿ ಸಂಖ್ಯೆ, ಅಂದರೆ ತಯಾರಕರು ವಾಹನಕ್ಕೆ ಕೊಡುವ ಗುರುತು ಸಂಖ್ಯೆ. ಚೌಕಟ್ಟಿನ ಮೇಲೆ ಕೊರೆದಿದ್ದ, ಒಣಗಿದ ಕೆಸರನ್ನು ಉಜ್ಜಿ ತೆಗೆದ ಮೇಲಷ್ಟೇ ಓದಲು ಸಿಕ್ಕ ಆ 17 ಅಕ್ಷರ ಮತ್ತು ಅಂಕಿಗಳ ಆಧಾರದ ಮೇಲೆಯೇ ಮತ್ತೊಂದು ಕಂಪನಿ ವಿಮೆ ನೀಡಿ, ನೋಂದಣಿ ಸಂಖ್ಯೆಯನ್ನು ಆಮೇಲೆ ಸೇರಿಸಲು ಒಪ್ಪಿತು.

ಬಳಿಕ ಕನ್ನಡಿ, ಇಂಡಿಕೇಟರ್, ಸ್ಪೀಡೋಮೀಟರ್ ಅಳವಡಿಸಿ ಎಂಎಸ್‌ವಿಎ ಎಂಬ, ಬಿಡಿ ವಾಹನಗಳ ಅನುಮೋದನೆ ಪರೀಕ್ಷೆ ಮುಗಿಸಿದೆ. ಆಮದಿನ ತೆರಿಗೆ ಕುರಿತ, ನೋವಾ ಎಂದು ಕರೆಯುವ ದಾಖಲೆ ಮೊದಲೇ ಸಲ್ಲಿಕೆಯಾಗಿತ್ತು. ಬಳಸಿದ ವಾಹನಕ್ಕಿರುವ ವಿ55/5 ನಮೂನೆ, ಅನುಮೋದನೆ ಪತ್ರ, ಗುರುತಿನ ದಾಖಲೆ, ರಸ್ತೆ ತೆರಿಗೆ ಹಾಗೂ 55 ಪೌಂಡ್ ಶುಲ್ಕವನ್ನು ಸ್ವಾನ್ಸಿ ನಗರದಲ್ಲಿರುವ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ಅಂಚೆಯಲ್ಲಿ ಕಳುಹಿಸಿದ ಮೇಲೆ ಸಂಖ್ಯೆ ಬಂತು. ಅದನ್ನು ವಿಮಾ ಪತ್ರದಲ್ಲಿ ನಮೂದಿಸಲು ಒಂದು ದೂರವಾಣಿ ಕರೆ ಸಾಕಾಯಿತು.

ಕೃಷಿ ವಾಹನವೆಂದು ನೋಂದಾಯಿಸುವುದು ಸುಲಭವೆಂದು ಕೆಲವರು ಸಲಹೆ ಕೊಡುವುದುಂಟು. ಆದರೆ ಆ ವರ್ಗದ ಕ್ವಾಡನ್ನು ಸಾರ್ವಜನಿಕ ರಸ್ತೆಯಲ್ಲಿ ಒಂದು ಜಮೀನಿನಿಂದ ಇನ್ನೊಂದಕ್ಕೆ, ಅದೂ 1.5 ಕಿ.ಮೀ. ಮಿತಿಯೊಳಗೆ, ಕೃಷಿ ಕೆಲಸಕ್ಕೆ ಮಾತ್ರ ಓಡಿಸಬಹುದು.