ಲಕ್ಸರ್‌ನ ಬಲೂನಿನಿಂದ: ಮಾರ್ಚ್ ತಿಂಗಳ ಓರೆ ಬೆಳಕು

ಈಜಿಪ್ಟಿನ ಲಕ್ಸರ್‌ನಲ್ಲಿ ಬಿಸಿಗಾಳಿಯ ಬಲೂನಿನಿಂದ ಹತ್ಶೆಪ್ಸುತ್ ರಾಣಿಯ ದೇಗುಲದ ಚಿತ್ರ ತೆಗೆಯಲು ಡಿಸೆಂಬರೇ ಸರಿ, ಮಾರ್ಚ್‌ನಲ್ಲಿ ಹೋದರೆ ಮರುಭೂಮಿಯ ಮರಳು ಹೊತ್ತು ಬೀಸುವ ಖಮ್ಸೀನ್ ಗಾಳಿಗೆ ಸಿಕ್ಕಿ ದುಡ್ಡು ಹಾಳಾಗುತ್ತದೆ ಎಂದು ಛಾಯಾಗ್ರಾಹಕ ಮಿತ್ರರೆಲ್ಲ ಹೇಳಿದ್ದರು. ಅದನ್ನು ನಂಬಿ ಮೊದಲ ಸಲ ಡಿಸೆಂಬರ್ ಕೊನೆಯಲ್ಲೇ ಹೋದೆ. ಹಾರಾಟವೇನೋ ಸುಗಮವಾಗಿ ನಡೆಯಿತು. ಆದರೆ ಸುಮಾರು 600 ಚಿತ್ರಗಳಲ್ಲಿ ಒಂದೂ ದೊಡ್ಡ ಮುದ್ರಣಕ್ಕೆ ಒದಗಲಿಲ್ಲ. ದೇಗುಲದ ಮುಖ ಚಳಿಗಾಲದ ಸೂರ್ಯೋದಯದ ಕಡೆಗೇ ಇರುವುದರಿಂದ ಬೆಳಕು ಕಂಬಸಾಲಿಗೆ ನೇರವಾಗಿ ಬಡಿದು, ನೆರಳೆಲ್ಲ ಕಂಬಗಳ ಬೆನ್ನಿಗೆ ಅಡಗಿ, ಮೂರು ಅಂತಸ್ತಿನ ಕಟ್ಟಡವು ಹಿಂದಿನ ಬಂಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗಿತ್ತು. ಆ ಪ್ರವಾಸಕ್ಕೆ 1 ಲಕ್ಷದ ಹತ್ತಿರ ಖರ್ಚಾಗಿತ್ತು.

ಮಾರ್ಚ್ 21ರ ಆಸುಪಾಸಿನಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುತ್ತಾನೆ. ದೇಗುಲದ ಅಕ್ಷಕ್ಕೆ ಅದು 25 ಡಿಗ್ರಿಯಷ್ಟು ಓರೆ. ನನಗೆ ಬೇಕಾಗಿದ್ದದ್ದು ಆ ಓರೆಯೇ. ಮುಂದಿನ ವರ್ಷ 5 ರಾತ್ರಿಯ ವಸತಿ ಹಿಡಿದು ಹೋದೆ. ಮೊದಲೆರಡು ದಿನ ನಸುಕಿನಲ್ಲೇ ನೈಲ್ ದಾಟಿ ಪಶ್ಚಿಮ ದಂಡೆಗೆ ಹೋದರೂ ಗಾಳಿಯಿಂದಾಗಿ ಹಾರಾಟ ರದ್ದಾಯಿತು. ಹಾರಾಟದ ಹಣಕ್ಕೆ ಮರುದಿನದ ಸರದಿ ಸಿಗುತ್ತದೆ, ವಸತಿಯ ಹಣಕ್ಕೆ ಏನೂ ಸಿಗುವುದಿಲ್ಲ. ಅಲ್ಲಿಗೆ 8 ಸಾವಿರ ಹೋಯಿತು.

ಮೂರನೆಯ ದಿನ ಹಾರಿದೆವು. ಬುಟ್ಟಿಯ ಅಂಚಿಗೆ ಮೊಣಕೈ ಊರಿದರೆ ಅದರ ಅಲುಗಾಟವೆಲ್ಲ ಕ್ಯಾಮೆರಾಕ್ಕೆ ಬರುತ್ತದೆಂದು ಹಿಂದಿನ ಸಲವೇ ಕಲಿತಿದ್ದರಿಂದ ಕೈಯಲ್ಲೇ ಹಿಡಿದು, ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) 1600ಕ್ಕೆ ಏರಿಸಿ, 1/800 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದೆ. ಮೊದಲ ಬೆಳಕು ಬಂಡೆಯ ನೆತ್ತಿಗೆ ಬಿತ್ತು. ಉಳಿದವರೆಲ್ಲ ಸೂರ್ಯನತ್ತ ತಿರುಗಿದ್ದಾಗ ನಾನು ಅವನಿಗೆ ಬೆನ್ನು ಹಾಕಿ, ಆ ಕೆಂಪು ಇಳಿಯುತ್ತ ಇಳಿಯುತ್ತ ಕಂಬಸಾಲನ್ನು ಮುಟ್ಟುವವರೆಗೆ ಹತ್ತು ನಿಮಿಷ ಕಾದೆ. ಪ್ರತಿ ಕಂಬದ ಎಡಗಡೆ ಒಂದೊಂದು ಕಪ್ಪು ಗೆರೆ ಮೂಡಿ, ಕಟ್ಟಡಕ್ಕೆ ಆಳ ಬಂತು. 40 ಚಿತ್ರಗಳಲ್ಲಿ 11 ಉಳಿದವು. ಡಿಸೆಂಬರ್ ಡಿಸೆಂಬರ್ ಎನ್ನುತ್ತಿದ್ದವರೇ ಈಗ ತಾರೀಕು ಕೇಳುತ್ತಿದ್ದಾರೆ. ತಾರೀಕು ಹೇಳಿದ್ದೇನೆ, ಬುಟ್ಟಿಯಲ್ಲಿ ಪಶ್ಚಿಮದ ಮೂಲೆ ಹೇಗೆ ಗಿಟ್ಟಿಸಿಕೊಂಡೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ಲೆನ್ಸಿಗೆ ಹಾಕಿ ನೋಡಿದ ಪ್ರಯೋಗ ಬೆಳಕನ್ನು ನುಂಗಿದ್ದೇ ಬಂತು. ಇಳಿಯುವ ಮುನ್ನ ಮೆಮ್ನಾನ್ ಎಂದು ಕರೆಯುವ, ಕುಳಿತ ರಾಜನ ಎರಡು ಪ್ರಾಚೀನ ಕಲ್ಲಿನ ಮೂರ್ತಿಗಳ ಚಿತ್ರವನ್ನೂ ತೆಗೆದೆ: ಸುಮಾರು 18 ಮೀಟರ್ ಎತ್ತರದ ಆ ಜೋಡಿ ಮೇಲಿನಿಂದ ಗಿಡ್ಡ ದಿಂಡುಗಳಂತೆ ಕಂಡರೂ, ಅವುಗಳ ನೆರಳು ಮೂರ್ತಿಗಳ ಎತ್ತರದ ಎಷ್ಟೋ ಪಟ್ಟು ಉದ್ದಕ್ಕೆ ಪಶ್ಚಿಮದತ್ತ ಚಾಚಿತ್ತು. ಮುಂದಿನ ಮಾರ್ಚ್‌ಗೆ ಆ ನೆರಳಿಗಾಗಿಯೇ ಹೋಗುತ್ತೇನೆ.