ಢಾಲಾ ಕುಳಿಯ ಬೆಣಚು ಹರಳುಗಳನ್ನು ನಾನು ಅಳೆದ ಬಗೆ

ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾಕ್ಕೆ ಉಲ್ಕಾಕುಳಿ ನೋಡಲೆಂದು ಹೋದವರಿಗೆ ಕುಳಿಯೇ ಕಾಣುವುದಿಲ್ಲ. ನಡುವೆ ಚಪ್ಪಟೆ ನೆತ್ತಿಯ ದಿಬ್ಬ, ಸುತ್ತ ಬಯಲು, ಅಲ್ಲಲ್ಲಿ ಒಡೆದ ಗ್ರಾನೈಟ್ ಗುಡ್ಡೆಗಳಷ್ಟೇ ಕಾಣುತ್ತವೆ. ಸುಮಾರು 11 ಕಿ.ಮೀ. ಅಗಲದ ಈ ರಚನೆಯ ಅಂಚು ಎಂದೋ ಸವೆದಿದೆ, ನಡುಭಾಗವನ್ನು ವಿಂಧ್ಯನ್ ಪದರುಶಿಲೆಗಳು ಮುಚ್ಚಿವೆ. ಹಾಗೆ ಮುಚ್ಚಿಹೋದದ್ದೇ ಕಾಲನಿರ್ಣಯಕ್ಕೂ ನೆರವಾಗಿದೆ: ಒಡೆದ ಬುಂದೇಲ್‌ಖಂಡ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು, ಹೊದಿಕೆ ಸುಮಾರು 170 ಕೋಟಿ ವರ್ಷದ್ದು, ಅಪ್ಪಳಿಕೆ ಇವೆರಡರ ನಡುವೆ ಎಂದೋ ನಡೆದಿದೆ.

ಅಲ್ಲಿನ ಕರಗಿ ಹೆಪ್ಪುಗಟ್ಟಿದ ಶಿಲೆ ಕೈಯಲ್ಲಿ ಹಿಡಿದರೆ ಜ್ವಾಲಾಮುಖಿಯ ರಯೋಲೈಟ್‌ನಂತೆಯೇ ಇರುತ್ತದೆ, ಹಿಂದೆ ಅದನ್ನು ಜ್ವಾಲಾಮುಖಿ ಶಿಲೆಯೆಂದೇ ಬಗೆದದ್ದರಲ್ಲಿ ಅಚ್ಚರಿಯಿಲ್ಲ. ಆದ್ದರಿಂದ ನಾನು ಅದರೊಳಗೆ ಕರಗದೆ ಉಳಿದ ಗ್ರಾನೈಟ್ ಚೂರುಗಳನ್ನು ಆರಿಸಿ, ಕೊಯ್ದು, ಗಾಜಿಗೆ ಅಂಟಿಸಿ, 0.03 ಮಿ.ಮೀ. ದಪ್ಪಕ್ಕೆ ಇಳಿಯುವವರೆಗೆ ತೇಯ್ದೆ. ಸೂಕ್ಷ್ಮದರ್ಶಕದ ಧ್ರುವೀಕೃತ ಬೆಳಕಿನಲ್ಲಿ ಬೆಣಚು ಹಳದಿ ಕಳೆದು ಬೂದುಬಣ್ಣವಾದರೆ ದಪ್ಪ ಸರಿಯಾಯಿತೆಂದು ಅರ್ಥ.

ಹುಡುಕಬೇಕಾದದ್ದು ಅಪ್ಪಳಿಕೆಯ ಆಘಾತ ಬೆಣಚು ಹರಳಿನೊಳಗೆ ಮೂಡಿಸಿದ ನೇರ ಗೆರೆಗಳನ್ನು. ಅವು 2 ಮೈಕ್ರಾನ್‌ಗಿಂತ ತೆಳು, ನಡುವಿನ ಅಂತರ ಕೆಲವೇ ಮೈಕ್ರಾನ್. ಒಂದೇ ಹರಳಿನಲ್ಲಿ ಎರಡು ಮೂರು ದಿಕ್ಕಿನ ಸಾಲುಗಳು ಒಂದನ್ನೊಂದು ಹಾಯುವುದುಂಟು. ಭೂಚಲನೆಯ ಒತ್ತಡದಿಂದಲೂ ಬೆಣಚಿನಲ್ಲಿ ಗೆರೆ ಮೂಡುತ್ತದೆ, ಆದರೆ ಅದು ಬಾಗಿರುತ್ತದೆ, ದಪ್ಪವಾಗಿರುತ್ತದೆ, ಸಾಮಾನ್ಯವಾಗಿ ಒಂದೇ ದಿಕ್ಕಿನದಾಗಿರುತ್ತದೆ. ಇಷ್ಟು ಹಳೆಯ ಕುಳಿಯಲ್ಲಿ ಆಘಾತದಿಂದ ಗೆರೆಯೊಳಗೆ ಉಂಟಾಗಿದ್ದ ಗಾಜು ಮತ್ತೆ ಹರಳುಗಟ್ಟಿ, ಸಾಲಾಗಿ ನಿಂತ ಸೂಕ್ಷ್ಮ ದ್ರವಗುಳ್ಳೆಗಳಷ್ಟೇ ಉಳಿದಿರುತ್ತವೆ. ಫೋಕಸ್ ಅನ್ನು ತುಸು ಏರಿಸಿ ಇಳಿಸಿದರೆ ದಾರಕ್ಕೆ ಪೋಣಿಸಿದ ಚುಕ್ಕಿಗಳಂತೆ ತೋರಿ ಮರೆಯಾಗುತ್ತವೆ.

ಕಂಡರೆ ಸಾಲದು, ಅಳೆಯಬೇಕು. ತೇಯ್ದ ಶಿಲೆಯ ಆ ತೆಳುಛೇದವನ್ನು ಎಲ್ಲ ಕಡೆಗೂ ವಾಲಿಸಬಲ್ಲ ಯೂನಿವರ್ಸಲ್ ಸ್ಟೇಜ್ ಮೇಲೆ ಕೂರಿಸಿ, ಮೊದಲು ಹರಳಿನ ಸಿ-ಅಕ್ಷವನ್ನು (ಅದರ ಮುಖ್ಯ ಅಕ್ಷವನ್ನು), ಬಳಿಕ ಪ್ರತಿ ಗೆರೆಸಾಲಿನ ಲಂಬವನ್ನು ಗುರುತಿಸಿ, ಇವೆರಡರ ನಡುವಿನ ಕೋನವನ್ನು ಬರೆದುಕೊಳ್ಳುತ್ತಿದ್ದೆ. ಕಣ್ಣಿಗೆ ಆಯಾಸದ, ತಾಳ್ಮೆ ಬೇಡುವ ಕೆಲಸವಿದು. ಆಘಾತದ ಗೆರೆಗಳು ಹರಳಿನ ನಿರ್ದಿಷ್ಟ ಸಮತಲಗಳನ್ನೇ ಹಿಡಿಯುವುದರಿಂದ ಕೋನಗಳು 0, 23, 32 ಡಿಗ್ರಿಗಳಂತಹ ಮೌಲ್ಯಗಳ ಸುತ್ತ ಗುಂಪುಗೂಡುತ್ತವೆ. ಅವು ಮೂಡಲು ಸುಮಾರು 10 ಗಿಗಾಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು ಒಂದು ಲಕ್ಷ ಪಟ್ಟು, ಕ್ಷಣಮಾತ್ರದಲ್ಲಿ ಬೀಳಬೇಕು. ಯಾವ ಜ್ವಾಲಾಮುಖಿಗೂ ಅದು ಸಾಧ್ಯವಿಲ್ಲ. 5 ಡಿಗ್ರಿಯ ವ್ಯತ್ಯಾಸದೊಳಗೂ ಯಾವ ಸಮತಲಕ್ಕೂ ಹೊಂದದ ಅಳತೆಗಳನ್ನು ನಾನು ಕೈಬಿಡದೆ, ಗುರುತಿಸಲಾಗದವು ಎಂದು ಪಟ್ಟಿಯಲ್ಲಿ ಪ್ರತ್ಯೇಕವಾಗಿ ದಾಖಲಿಸಿದೆ. ಅವನ್ನು ತೆಗೆದುಹಾಕಿದರೆ ಯಾವ ಸಮತಲಕ್ಕೆ ಎಷ್ಟು ಅಳತೆಗಳು ಹೊಂದಿದವೆಂಬ ಶೇಕಡಾವಾರು ಲೆಕ್ಕ ಇರಬೇಕಾದದ್ದಕ್ಕಿಂತ ಹೆಚ್ಚು ಅಚ್ಚುಕಟ್ಟಾಗಿ ಕಾಣುತ್ತದೆ.